ಕೊನೆಯ ಕಾನ್ರಾಡ್

ಮೂವತ್ತೊಂಬತ್ತನೇ ಇಸವಿ. ಯುದ್ಧ ಶುರುವಾದ ತಿಂಗಳು. ತಾಯಲೂರಿನ ಡಿಸ್ಪೆನ್ಸರಿ ಮುಂದಿನ ಹುಣಿಸೆಮರದ ಕೆಳಗೆ ಪೊಲೀಸರ ಕಾರು ಬಂದು ನಿಂತಿತ್ತು. ಜರ್ಮನಿಯವರನ್ನೆಲ್ಲ ಹಿಡಿದು ತಂತಿಬೇಲಿಯೊಳಗೆ ಕೂಡಿಡಬೇಕೆಂದು ಸರ್ಕಾರದ ಹುಕುಂ. ಡಾಕ್ಟರ್ ಕಾನ್ರಾಡ್ ಕೋಟು ತೊಟ್ಟಿದ್ದ, ಟೋಪಿ ಮರೆತಿದ್ದ. ಕಾರಿನ ಬಾಗಿಲು ಹಿಡಿದುಕೊಂಡೇ ಆಯಾ ಮುನಿಗಂಗಮ್ಮನನ್ನು ಕರೆದ.

"ಗಂಗಾ, ನನ್ನ ಮಕ್ಕಳು?"

ಅವನಿಗೆ ಹೆಂಡತಿಯಿರಲಿಲ್ಲ, ಹುಟ್ಟಿಸಿದ ಮಕ್ಕಳೂ ಇರಲಿಲ್ಲ. ಆದರೂ ಅವಳಿಗೆ ಅರ್ಥವಾಯಿತು.

"ನಾನಿದೀನಿ ದೊರೆ. ಒಬ್ಬೊಬ್ಬರನ್ನೂ ಬಿಡಿಸಿ ಕಳಿಸ್ತೀನಿ. ಕೊನೆಯವನು ಹೋಗೋ ತನಕ ಈ ಬಾಗಿಲು ಬಿಟ್ಟು ಕದಲಲ್ಲ."

ಕಾರು ಹೋಯಿತು. ಡಾಕ್ಟರ್ ಮತ್ತೆ ಬರಲಿಲ್ಲ.

*

"ನಿಮಗೆ ಯಾರೋ ತಪ್ಪು ಹೇಳಿದಾರೆ ಸ್ವಾಮಿ. ನನ್ನ ಹೆಸರು ವೆಂಕಟರಾಯಪ್ಪ. ನಮ್ಮ ತಾತನ ಹೆಸರು. ಬೇಕಾದ್ರೆ ಊರೆಲ್ಲ ಕೇಳ್ಕೊಂಡು ಬನ್ನಿ."

ಚಪ್ಪರದ ಗಳಕ್ಕೆ ಹಗ್ಗ ಬಿಗಿಯುತ್ತಿದ್ದವನು ತಿರುಗಿಯೂ ನೋಡದೆ ಹೇಳಿದ. ನಾಲ್ಕು ದಶಕ ಕಳೆದಿತ್ತು, ಅದೇ ತಾಯಲೂರು. ಅಂಗಳದಲ್ಲಿ ಮಾವಿನ ಸೊಪ್ಪಿನ ಕಟ್ಟು ಬಿದ್ದಿತ್ತು. ನಾಡಿದ್ದು ಅವನ ಮಗಳು ನಾಗಮಣಿಯ ಮದುವೆ.

ಚನ್ನರಾಯಪ್ಪ ಕೊಡೆಯನ್ನು ಜಗಲಿಗೆ ಒರಗಿಸಿದ. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ಸವೆದು, ಈಗ ಕೋಲಾರದಲ್ಲಿ ಖಾಸಗಿಯಾಗಿ ವಿಚಾರಣೆ ಮಾಡಿಕೊಂಡಿದ್ದ ಮನುಷ್ಯ. ನಿದ್ದೆಗೆಟ್ಟ ಕಣ್ಣು, ಮೂರು ದಿನದ ಗಡ್ಡ. ಅವನ ಹಿಂದೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತವಳು ರಾಮಲಕ್ಷ್ಮಮ್ಮ. ಅವಳ ಮಗ ಕದಿರೇಶ ಕೊಲೆ ಕೇಸಿನಲ್ಲಿ ಜೈಲಿನಲ್ಲಿದ್ದಾನೆ. ನಾಳೆ ಬೆಳಿಗ್ಗೆ ಕೋರ್ಟು ತೆರೆಯುವ ಹೊತ್ತಿಗೆ ಅವನ ಪರವಾಗಿ ಸಾಕ್ಷಿ ಬಂದು ನಿಲ್ಲದಿದ್ದರೆ ಆಮೇಲೆ ಯಾರು ಬಂದರೂ ಕೇಳುವುದಿಲ್ಲವೆಂದು ಜಡ್ಜ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

"ಹಗ್ಗ ಬಿಟ್ಟು ಈ ಕಡೆ ತಿರುಗಪ್ಪ," ಎಂದ ಚನ್ನರಾಯಪ್ಪ.

"ಕೆಲಸ ಇದೆ ಸ್ವಾಮಿ."

"ನನಗೂ ಇದೆ. ನಿನ್ನ ಮೂಗು ನೋಡಬೇಕು."

ಗಳ ಹಿಡಿದಿದ್ದ ಕೈ ನಿಂತಿತು. ವೆಂಕಟರಾಯಪ್ಪ ನಿಧಾನವಾಗಿ ತಿರುಗಿದ. ಅಗಲ ಮುಖ, ನರೆತ ಮೀಸೆ. ಬಲ ಹೊಳ್ಳೆಯ ಮೇಲೆ ರಾಗಿಕಾಳು ಕೂರುವಷ್ಟು ಒಂದು ಗುಳಿ. ಎಂದೋ ಚುಚ್ಚಿ, ಎಂದೋ ಮುಚ್ಚಿಹೋಗಿದ್ದ ತೂತು.

ರಾಮಲಕ್ಷ್ಮಮ್ಮ "ಅಯ್ಯೋ ದೇವುಡಾ" ಎಂದು ಅಲ್ಲೇ ಕುಸಿದು ಕೂತಳು.

ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಲೆಕ್ಕ ಬರೆಯುವ ರೈಟರ್ ಗಂಗುಲಪ್ಪನನ್ನು ದೀಪ ಹಚ್ಚುವ ಹೊತ್ತಿನಲ್ಲಿ ಯಾರೋ ತಲೆ ಒಡೆದು ಕೊಂದಿದ್ದರು. ಹಿಂದಿನ ದಿನವಷ್ಟೇ ಅವನ ಕೈಲಿ ಎಲ್ಲರೆದುರಿಗೆ ಕಪಾಳಕ್ಕೆ ಹೊಡೆಸಿಕೊಂಡಿದ್ದ ಗೂಡಿನ ಆಳು ಕದಿರೇಶನನ್ನು ಪೊಲೀಸರು ಎಳೆದುಕೊಂಡು ಹೋದರು. ಆ ಸಂಜೆ ಹುಡುಗನನ್ನು ಗೂಡಿನ ಹತ್ತಿರ ಕಣ್ಣಾರೆ ಕಂಡೆ ಎಂದು ಗೂಡಿನ ಯಜಮಾನ ರಾಮಚಂದ್ರಪ್ಪ ಪ್ರಮಾಣ ಮಾಡಿ ಹೇಳಿದ್ದ.

ಹುಡುಗ ಹೇಳುವುದೇ ಬೇರೆ. ಆ ಹೊತ್ತಿಗೆ ತಾನು ಶ್ರೀನಿವಾಸಪುರದ ಅಕ್ಕನ ಮನೆಯಿಂದ ಕೋಲಾರಕ್ಕೆ ಬರುವ ಸಣ್ಣ ರೈಲಿನಲ್ಲಿದ್ದೆ. ಎದುರು ಸೀಟಿನಲ್ಲಿ ಒಬ್ಬ ರೈತ ಕೂತಿದ್ದ. ಬೇಯಿಸಿದ ಕಡಲೆಕಾಯಿ ಕೊಟ್ಟ, ಬುದ್ಧಿ ಹೇಳಿದ, ಮಗಳ ಸಂಬಂಧಕ್ಕೆ ಬಂದಿದ್ದೆ ಅಂದ, ತನ್ನ ಹೆಸರು ಕಾನ್ರಾಡ್ ಅಂದ. ಮೂಗಿನಲ್ಲಿ ಹೆಂಗಸರ ಹಾಗೆ ತೂತಿತ್ತು.

"ಈ ನಾಲ್ಕು ತಾಲ್ಲೂಕಿನಲ್ಲಿ ಕಾನ್ರಾಡ್ ಅನ್ನೋ ರೈತ ಒಬ್ಬ ಸಿಕ್ಕಿದ್ರೆ ನಾನು ಈ ಕರಿಕೋಟು ಬಿಚ್ಚಿಡ್ತೀನಿ," ಎಂದು ಸರ್ಕಾರಿ ವಕೀಲರು ನಕ್ಕಿದ್ದರು. ಕೋರ್ಟೂ ನಕ್ಕಿತ್ತು.

ಚನ್ನರಾಯಪ್ಪ ನಗಲಿಲ್ಲ. ಆದರೆ ಎಲ್ಲರಂತೆ ಅವನೂ ತಪ್ಪಿದ. ಹೆಸರು ಕೇಳಿ ಚರ್ಚುಗಳಿಗೆ ಹೋದ. ಗಣಿಯ ಕಡೆ ಒಬ್ಬ ಕಾನ್ರಾಡ್ ಸಿಕ್ಕಿದ, ಮುದುಕ, ಹಾಸಿಗೆ ಬಿಟ್ಟು ಏಳಲಾರ. ಮಾಲೂರಿನಲ್ಲೊಬ್ಬ ಸಿಕ್ಕಿದ, ಇನ್ನೂ ತೊಟ್ಟಿಲಲ್ಲಿದ್ದ. ಮತ್ತೊಬ್ಬ ಸಮಾಧಿಕಲ್ಲಿನ ಮೇಲಿದ್ದ. ಕೋಲಾರದ ಪಾದ್ರಿಗಳು ಕಾಫಿ ಕೊಟ್ಟು ಹೆಸರಿನ ಜಾತಕವನ್ನೇ ಬಿಡಿಸಿದರು. ಹಳೇ ಜರ್ಮನ್ ಹೆಸರಂತೆ. 'ಕುವೋನಿ' ಅಂದರೆ ಧೈರ್ಯ, 'ರಾಟ್' ಅಂದರೆ ಬುದ್ಧಿಮಾತು. ಧೈರ್ಯವಾಗಿ ಬುದ್ಧಿ ಹೇಳುವವನು. ಅಲ್ಲಿನ ರಾಜರು ಇಟ್ಟುಕೊಂಡ ಹೆಸರು. ಮನೆಯಲ್ಲಿ ಮುದ್ದಿಗೆ ಕುರ್ಟ್ ಅನ್ನುತ್ತಾರೆ, ಇಟಲಿಗೆ ಹೋಗಿ ಕೊರ್ರಾಡೋ ಆಯಿತು. "ನಮ್ಮ ಸಭೆಯಲ್ಲಿ ಮಾತ್ರ ಆ ಹೆಸರಿನ ರೈತ ಯಾರೂ ಇಲ್ಲಪ್ಪ," ಎಂದು ಕೈಚೆಲ್ಲಿದರು.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕನ ಚುಚ್ಚಿದ ಮೂಗು ನೋಡಿದಾಗ ಚನ್ನರಾಯಪ್ಪನಿಗೆ ತನ್ನ ಅಜ್ಜಿ ನೆನಪಾದಳು, ಮಾಸ್ತಿ ಕಡೆಯವಳು. ಹೆತ್ತ ಮಕ್ಕಳು ಒಂದರ ಹಿಂದೊಂದು ಹೋದರೆ, ಮುಂದೆ ಹುಟ್ಟಿದ ಗಂಡುಮಗುವಿನ ಮೂಗು ಚುಚ್ಚುತ್ತಿದ್ದರು. ಒಂದು ಮೊರ ತೌಡಿಗೆ ಬೇರೆಯವರಿಗೆ ಮಾರುತ್ತಿದ್ದರು. ಕೊಂಡವರೇ ಹೆಸರಿಡಬೇಕು. ಸಾವು ಬಂದು ವಿಚಾರಿಸಿದರೆ ಇದು ನಮ್ಮದಲ್ಲ ಅನ್ನಬಹುದು.

ಅಂದರೆ ಕಾನ್ರಾಡ್ ಚರ್ಚಿನವನಲ್ಲ. ಕಾನ್ರಾಡ್ ಎಂಬುವವನಿಗೆ ಮಾರಿದ ಮಗು! ಆ ಹೆಸರಿನ ದೊರೆ ಯಾರಾದರೂ ಇದ್ದನೇ ಎಂದು ಹಳಬರನ್ನು ಕೇಳಿದಾಗ ತಾಯಲೂರಿನ ಜರ್ಮನ್ ಡಾಕ್ಟರ್ ಅಂದರು. ಈ ಊರಿನಲ್ಲಿ ಮಗಳ ಸಂಬಂಧಕ್ಕೆಂದು ಶ್ರೀನಿವಾಸಪುರಕ್ಕೆ ಓಡಾಡಿದವನು ಯಾರೆಂದು ಕೇಳಿದಾಗ ಈ ಅಂಗಳ ತೋರಿಸಿದರು.

"ಬಣವೆ ಹಿಂದಕ್ಕೆ ಬನ್ನಿ," ಎಂದ ವೆಂಕಟರಾಯಪ್ಪ, ಒಣಗಿದ ದನಿಯಲ್ಲಿ. "ಹೆಂಗಸರು ಒಳಗಿದಾರೆ."

*

ಹುಲ್ಲಿನ ಬಣವೆಯ ನೆರಳಲ್ಲಿ ಅವನು ಕುಕ್ಕರಗಾಲಲ್ಲಿ ಕೂತ. ದೊಡ್ಡ ಆಳು, ಸಣ್ಣವನಾದಂತೆ ಕಂಡ.

"ಹೌದು. ಆ ಹುಡುಗನ ಎದುರಿಗೆ ಕೂತಿದ್ದವನು ನಾನೇ. ಗುರುತಿಲ್ಲದ ಹುಡುಗ ಅಂತ ಹಳೇ ಹೆಸರು ಹೇಳಿಬಿಟ್ಟೆ."

"ಮತ್ತೆ ಇಷ್ಟು ದಿನ?" ರಾಮಲಕ್ಷ್ಮಮ್ಮ ಹಾರಿಬಿದ್ದಳು. "ಊರೆಲ್ಲ ತಮಟೆ ಹೊಡೆದ ಹಾಗೆ ಆಗಿದೆಯಲ್ಲಪ್ಪ ಕೇಸು! ನಿನ್ನ ಕಿವಿಗೆ ಬೀಳಲಿಲ್ವಾ? ನನ್ನ ಮಗ ನೇಣಿಗೆ ಹೋದ್ಮೇಲೆ ಕಡಲೆಕಾಯಿ ಹಿಡ್ಕೊಂಡು ಬರೋಣಾಂತಿದ್ಯಾ?"

"ಅಕ್ಕಾ, ಮೆತ್ತಗೆ..."

"ಯಾರಿಗೆ ಅಕ್ಕ? ನಿನ್ನಂಥ ತಮ್ಮ ಇದ್ದಿದ್ರೆ ಹುಟ್ಟಿದಾಗಲೇ ಮಾರಿಬಿಡ್ತಿದ್ದೆ."

ಮಾತು ಎಲ್ಲಿಗೆ ತಾಗಿತೆಂದು ಅವಳಿಗೆ ತಿಳಿಯಲಿಲ್ಲ. ವೆಂಕಟರಾಯಪ್ಪ ತಲೆ ತಗ್ಗಿಸಿದ.

"ಮಾರೇ ಇದಾರಲ್ಲಮ್ಮ. ನನಗಿಂತ ಮುಂಚೆ ನಾಲ್ಕು ಹೋಗಿದ್ದವಂತೆ. ನನ್ನನ್ನ ದೊರೆಗೆ ಮಾರಿದ್ರು. ಅವರೇ ಅವರ ಹೆಸರಿಟ್ರು, ಅರ್ಥಾನೂ ಹೇಳಿಕೊಟ್ರು. ಊರಲ್ಲಿ ಕೊನ್ರಾಡು, ಕೊನ್ರಾಡಪ್ಪ ಅಂತ ಏಳೆಂಟು ವರ್ಷ ಕರೀತಿದ್ರು. ದೊರೆ ಹೋದ ಮೇಲೆ ನಮ್ಮಪ್ಪ ಸ್ಕೂಲಲ್ಲಿ ವೆಂಕಟರಾಯ ಅಂತ ಬರೆಸಿದ. ಅಷ್ಟೇ. ಬಿಡಿಸಿಕೊಳ್ಳಲೇ ಇಲ್ಲ."

"ಅಂದ್ರೆ?"

"ಮಾರಿದ ಮಗುನ ಮದುವೆ ಹೊತ್ತಿಗೆ ತೌಡು ವಾಪಸ್ ಕೊಟ್ಟು ಬಿಡಿಸಿಕೋಬೇಕು ಸ್ವಾಮಿ. ಇಲ್ಲದಿದ್ರೆ ಅವನು ಕೊಂಡವನ ಸ್ವತ್ತು. ಕೊಂಡವನ ಸ್ವತ್ತು ಮಗಳನ್ನ ಧಾರೆ ಎರೆಯೋ ಹಾಗಿಲ್ಲ." ಅವನು ಒಂದು ಹುಲ್ಲುಕಡ್ಡಿ ಮುರಿದ. "ಬಿಡಿಸಿಕೊಂಡಾಗಿದೆ ಅಂತ ಬೀಗರಿಗೆ ಸುಳ್ಳು ಹೇಳಿದೀನಿ. ಹೆಂಡತಿಗೂ ಅದನ್ನೇ ಹೇಳಿರೋದು. ನಾಳೆ ಕೋರ್ಟಲ್ಲಿ ನಿಂತ್ಕೊಂಡರೆ ವಕೀಲ ಮೊದಲು ಏನು ಕೇಳ್ತಾನೆ? ನೀನೇನಾ ಕಾನ್ರಾಡ್ ಅಂತಾನೆ. ಹೌದು ಅಂದರೆ, ಈ ಹೆಸರು ನಿನಗೆಲ್ಲಿಂದ ಬಂತು, ಇನ್ನೂ ಯಾಕಿದೆ ಅಂತಾನೆ. ಮುಳಬಾಗಿಲಿನ ಅರ್ಧ ಜನ ಅಲ್ಲಿರ್ತಾರೆ. ನಾಡಿದ್ದು ಚಪ್ಪರದಲ್ಲಿ ನನ್ನ ಮಗಳೊಬ್ಬಳೇ ಕೂತಿರ್ತಾಳೆ."

"ಹೌದು ಅನ್ನದೇ ಬರೀ ಹುಡುಗನ್ನ ನೋಡಿದೆ ಅಂತ ಹೇಳೋ."

ಹಾಗೆಂದ ರಾಮಲಕ್ಷ್ಮಮ್ಮನಿಗೆ ಚನ್ನರಾಯಪ್ಪ ತಲೆಯಾಡಿಸಿದ. "ಆಗಲ್ಲಮ್ಮ. ನಿನ್ನ ಮಗ ಕೊಟ್ಟಿರೋದು ಅದೊಂದೇ ಹೆಸರು. ಇವನು ಆ ಹೆಸರಿಗೆ ಹೌದು ಅನ್ನದಿದ್ರೆ, ಊರಿಂದ ಒಬ್ಬನ್ನ ಹಿಡ್ಕೊಂಡು ಬಂದು ಪಾಠ ಹೇಳಿಕೊಟ್ಟಿದಾರೆ ಅಂತಾರೆ."

ಮನೆಯೊಳಗೆ ಹೆಂಗಸರು ಏನಕ್ಕೋ ನಕ್ಕರು. ಚನ್ನರಾಯಪ್ಪನ ಮಗನಿಗೂ ಕದಿರೇಶನದೇ ವಯಸ್ಸು.

"ಆ ಡಾಕ್ಟರು ಸತ್ತರೋ ಬದುಕಿದಾರೋ ಯಾರಿಗೂ ಗೊತ್ತಿಲ್ಲ," ಎಂದ. "ಹಾಗಾದ್ರೆ ಮಿಕ್ಕ ಮಕ್ಕಳೆಲ್ಲ ಏನು ಮಾಡಿದ್ರು? ನಿನ್ನೊಬ್ಬನ್ನೇ ಕೊಂಡಿರಲಿಲ್ಲವಲ್ಲ."

ವೆಂಕಟರಾಯಪ್ಪನ ಕಣ್ಣು ಊರಾಚೆಗೆ, ಹುಣಿಸೆಮರದ ಕಡೆ ಹೋಯಿತು. ಚನ್ನರಾಯಪ್ಪನಿಗೆ ಪೊಲೀಸ್ ಕೆಲಸ ಕಲಿಸಿದ್ದು ಅದೊಂದನ್ನೇ: ಬಾಯಿ ನಿಂತಾಗ ಕಣ್ಣು ಹಿಡಿ.

"ಯಾರಿದಾರೆ ಅಲ್ಲಿ?"

"ಮುನಿಗಂಗಿ. ದೊರೆ ಹತ್ರ ಆಯಾ ಆಗಿದ್ದಳು. ದೊರೆ ಅವಳಿಗೆ ಅಪ್ಪಣೆ ಕೊಟ್ಟು ಹೋದರಂತೆ. ಮಿಕ್ಕವರೆಲ್ಲ ಅವಳ ಹತ್ರಾನೇ ಬಿಡಿಸಿಕೊಂಡ್ರು."

"ಒಂದೇ ಊರು! ಕೂಗಿದರೆ ಕೇಳೋ ದೂರ! ನೀನು ಯಾಕೆ ಹೋಗಲಿಲ್ಲ?"

"ಅವಳ ಕೈಯಿಂದ ತುತ್ತು ತಿನ್ನಬೇಕು." ದನಿ ಇಳಿಯಿತು. "ಅವಳು ಕೇರಿಯವಳು. ದೊರೆಗೆ ಮಾರಿದ್ದೀನಿ, ದೊರೆನೇ ಬರಲಿ, ಆ ಕೈ ತುತ್ತು ನನ್ನ ಮಗ ತಿನ್ನಲ್ಲ ಅಂದಳು ನಮ್ಮಮ್ಮ. ಸಾಯೋ ತನಕ ಅದನ್ನೇ ಅಂದಳು. ಆಮೇಲೆ ನನಗೂ... ಯಾವ ಮುಖ ಇಟ್ಕೊಂಡು ಹೋಗಲಿ?"

ಚನ್ನರಾಯಪ್ಪ ಅವನ ಎದುರಿಗೇ ಕುಕ್ಕರಿಸಿದ.

"ರೈಲಲ್ಲಿ ಆ ಹುಡುಗನಿಗೆ ಏನಂದೆ ನೀನು? ನನ್ನ ಹೆಸರಿಗೆ ಧೈರ್ಯವಾಗಿ ಬುದ್ಧಿ ಹೇಳೋನು ಅಂತ ಅರ್ಥ, ಅದಕ್ಕೇ ಹೇಳ್ತಿದೀನಿ ಕೇಳು, ಗೂಡಿಗೆ ಹೋಗಬೇಡ, ಅಮ್ಮನ ಹತ್ರ ಹೋಗು ಅಂದ್ಯಂತೆ. ಅವನು ಕೇಳಿದ ಕಣಯ್ಯಾ. ನಿನ್ನ ಮಾತು ಕೇಳಿ ಸೀದಾ ಮನೆಗೆ ಹೋದ. ಈಗ ನಿನಗೆ ಬುದ್ಧಿ ಹೇಳೋರು ಯಾರು? ನಡಿ. ಇವತ್ತೇ ಬಿಡಿಸಿಕೋ, ಈಗಲೇ. ನಾಳೆ ಕೋರ್ಟಲ್ಲಿ ಹೌದು, ಅದು ನನ್ನನ್ನ ಮಾರಿದಾಗಿನ ಹೆಸರು, ನಾನು ಬಿಡಿಸಿಕೊಂಡಾಗಿದೆ ಅಂತ ಎದೆ ತಟ್ಟಿ ಹೇಳು. ಅದು ನಿಜವೇ ಆಗಿರುತ್ತೆ. ಬೀಗರು ಏನಂತಾರೆ?"

ವೆಂಕಟರಾಯಪ್ಪ ಕೈಲಿದ್ದ ಹುಲ್ಲುಕಡ್ಡಿ ಎಸೆದ. ಆಮೇಲೆ ಎದ್ದು ಕೊಟ್ಟಿಗೆಗೆ ಹೋದ. ಬರುವಾಗ ಅವನ ಕೈಯಲ್ಲಿ ಒಂದು ಮೊರ ತೌಡಿತ್ತು, ಮೇಲೆ ಟವೆಲು ಮುಚ್ಚಿತ್ತು.

"ಇವತ್ತು ಬಿಡಿಸಿಕೊಂಡರೆ ನಾಳೆ ಬೆಳಗಿನ ಬಸ್ಸಿಗೆ ಬರ್ತೀನಿ," ಎಂದ. "ನಾಗಮಣಿ ಆಣೆಗೂ ಬರ್ತೀನಿ."

ರಾಮಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗ ಜೈಲಿಗೆ ಹೋದ ಮೇಲೆ ಅವಳು ನಡೆಯುವಾಗ ಕಾಲೆಳೆಯುತ್ತಿದ್ದಳು. ಈಗ ಎಲ್ಲರಿಗಿಂತ ಮುಂದೆ ನಡೆದಳು.

*

ಡಿಸ್ಪೆನ್ಸರಿಯಲ್ಲಿ ಉಳಿದಿದ್ದುದು ಒಂದೇ ಕೋಣೆ. ಮಿಕ್ಕ ಗೋಡೆಗಳನ್ನು ಮಳೆ ತಿಂದಿತ್ತು. ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಮುದುಕಿ ಮೂವರು ಬರುವುದನ್ನು ನೋಡಿದಳು. ಮೊದಲು ಮನುಷ್ಯರನ್ನು ನೋಡಲಿಲ್ಲ, ಮೊರ ನೋಡಿದಳು.

"ಬಂದ್ಯಾ ನಾಯನಾ," ಎಂದಳು. "ಕಣ್ಣು ಪೂರಾ ಹೋಗೋದ್ರೊಳಗೆ ಬಂದೆ. ನನ್ನ ಅಕ್ಕನ ಮಗಳು ಮುಳಬಾಗಿಲಿಗೆ ಬಾ, ಅಲ್ಲಿ ಕರೆಂಟಿದೆ, ಕೊಳಾಯಿ ಇದೆ ಅಂತ ಎಷ್ಟು ಸಲ ಕರೆದ್ಲು. ಒಬ್ಬನು ಉಳಿದಿದಾನೆ ಕಣೇ ಅಂತಿದ್ದೆ. ನಿಮ್ಮಮ್ಮ ನೆಟ್ಟಗೆ ಹೋದಳಾ?"

"ಹೋದಳು."

"ಒಳ್ಳೇದು. ನನ್ನ ಕಂಡರೆ ಉಗೀತಿದ್ದಳು. ಆದ್ರೂ ಹೋಗೋವಾಗ ನೆಟ್ಟಗೆ ಹೋಗಬೇಕು."

ಅವಳು ಕೈ ತೊಳೆದು, ಕೋಣೆಯ ನಡುವೆ ಗುಡಿಸಿ, ಮೊರವನ್ನು ಅಲ್ಲಿಡಿಸಿದಳು. ವೆಂಕಟರಾಯಪ್ಪ ಅದರ ಎದುರಿಗೆ ಮಂಡಿಯೂರಿದ. ಚನ್ನರಾಯಪ್ಪನೂ ರಾಮಲಕ್ಷ್ಮಮ್ಮನೂ ಬಾಗಿಲಲ್ಲಿ ನಿಂತರು.

"ಕೊನ್ರಾಡು," ಎಂದು ಕರೆದಳು ಮುನಿಗಂಗಮ್ಮ.

"ಓ."

"ಈ ಹೆಸರಲ್ಲಿ ನೀನು ಮಾಡಿದ್ದು, ನೋಡಿದ್ದು ಏನಾದ್ರೂ ಉಳಿದಿದ್ರೆ ಈ ತೌಡಿಗೆ ಹೇಳಿಬಿಡು. ಹೊರಗೆ ತಗೊಂಡು ಹೋಗಬಾರದು."

ಅವನು ಬಾಗಿದ. ತೌಡಿಗೇ ಹೇಳುವಂತೆ ಮಾತಾಡಿದ.

"ಶ್ರೀನಿವಾಸಪುರದಲ್ಲಿ ಒಬ್ಬ ಹುಡುಗ ರೈಲು ಹತ್ತಿದ. ಅಳ್ತಿದ್ದ. ನನ್ನ ಎದುರಿಗೆ ಕೂತ. ಕೋಲಾರದ ತನಕ ಎದ್ದು ಹೋಗಲಿಲ್ಲ. ಇಳಿದಾಗ ದೀಪ ಹಚ್ಚಿದ್ರು. ಮನೆ ದಾರಿ ಹಿಡಿದಿದ್ದನ್ನ ನಿಂತು ನೋಡಿದೆ."

ರಾಮಲಕ್ಷ್ಮಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಇನ್ನೇನಾದ್ರೂ ಇದೆಯಾ?" ಮುದುಕಿ ಕೇಳಿದಳು.

"ಇದೆ. ಮುಂದಿನ ಡಬ್ಬಿಯಿಂದ ಇನ್ನೊಬ್ಬ ಇಳಿದ. ಟವೆಲನ್ನ ಮುಖಕ್ಕೆ ಸುತ್ತಿಕೊಂಡಿದ್ದ. ಬೀಡಿ ಹಚ್ಚೋದಕ್ಕೆ ತೆಗೆದಾಗ ನೋಡಿದೆ. ನಾನು ಗೂಡಿಗೆ ನೀಲಗಿರಿ ಸೌದೆ ಹಾಕಿದವನು, ಮುಖ ಗುರುತಿದೆ. ಮಾಲೂರಿನ ರಾಮಚಂದ್ರಪ್ಪ."

ಚನ್ನರಾಯಪ್ಪ ಬಾಗಿಲಿನಿಂದ ಒಂದು ಹೆಜ್ಜೆ ಒಳಗಿಟ್ಟ.

ರಾಮಚಂದ್ರಪ್ಪ! ಅದೇ ಹೊತ್ತಿಗೆ ಮಾಲೂರಿನ ಗೂಡಿನಲ್ಲಿ ನಿಂತು ಹುಡುಗನನ್ನು ಕಣ್ಣಾರೆ ಕಂಡವನು, ಕೋಲಾರದ ಪ್ಲಾಟ್‌ಫಾರಂ ಮೇಲೆ ಮುಖ ಮುಚ್ಚಿಕೊಂಡು ಇಳಿದನೇ? ಗೂಡಿನಲ್ಲಿಲ್ಲದವನು ಗೂಡಿನಲ್ಲಿದ್ದೆ ಎಂದದ್ದು ಯಾರನ್ನು ಉಳಿಸಲು? ಈ ಒಬ್ಬ ಸಾಕ್ಷಿ ಕದಿರೇಶನನ್ನು ಬಿಡಿಸುವುದಷ್ಟೇ ಅಲ್ಲ, ಇಡೀ ಕೇಸನ್ನೇ ಬುಡಮೇಲು ಮಾಡುತ್ತಾನೆ. ನಾಳೆ ಒಂದು ಬೆಳಿಗ್ಗೆ ಇವನನ್ನು ಕೋರ್ಟಿಗೆ ಮುಟ್ಟಿಸಿದರೆ ಸಾಕು.

ಮುನಿಗಂಗಮ್ಮ ಗಡಿಗೆಯಿಂದ ಬೆಳಗಿನ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಕೈ ಚಾಚಿದಳು. ವೆಂಕಟರಾಯಪ್ಪ ಸುಕ್ಕು ತುಂಬಿದ ಆ ಕಪ್ಪು ಕೈಯನ್ನೇ ನೋಡಿದ. ಕಣ್ಣು ಮುಚ್ಚಿ ಬಾಯಿ ತೆರೆದ. ನುಂಗಿದ. ಆಮೇಲೆ, ಯಾರೂ ಹೇಳದಿದ್ದರೂ, ಅವಳ ಕಾಲಿಗೆ ಹಣೆ ಹಚ್ಚಿದ.

"ಏಳು. ಹಿಂದೆ ತಿರುಗದೆ ಹೊಸ್ತಿಲು ದಾಟು."

ಅವನು ದಾಟಿದ. ಬಿಸಿಲಿನಲ್ಲಿ ನಿಂತು ಉಸಿರು ಬಿಟ್ಟ. ಹೊರೆ ಇಳಿಸಿದ ಎತ್ತಿನ ಹಾಗೆ ಹೆಗಲು ಸಡಿಲವಾಯಿತು.

"ಹೋಗಿ ಬಾ ವೆಂಕಟರಾಯಪ್ಪ," ಎಂದಳು ಮುದುಕಿ ಒಳಗಿನಿಂದ. ಆ ಹೆಸರಿನಿಂದ ಅವಳು ಅವನನ್ನು ಕರೆದದ್ದು ಅದೇ ಮೊದಲು. "ಕೇಳಿಸಿಕೋ. ಹಳೇ ಹೆಸರು ಇಲ್ಲಿ ತೌಡಲ್ಲಿ ಉಳೀತು. ಇನ್ಮೇಲೆ ಯಾರು ಕರೆದ್ರೂ ಓ ಅನ್ನಬೇಡ. ಆ ಹೆಸರನ್ನಾಗಲಿ, ಆ ಹೆಸರಲ್ಲಿ ನೋಡಿದ್ದನ್ನಾಗಲಿ ನಿನ್ನ ಬಾಯಲ್ಲಿ ತರಬೇಡ. ಇಷ್ಟು ದಿನ ಆ ಹೆಸರು ಹಾಕಿಕೊಂಡು ಅವಿತಿದ್ದೆ. ಈಗ ಬಿಚ್ಚಿಟ್ಟಿದೀಯ. ಮತ್ತೆ ಅದು ನಾನೇ ಅಂದ್ಯೋ, ಮೋಸ ಹೋಗಿದ್ದ ಸಾವು ಎದ್ದು ಬಂದು ಗುರುತು ಹಿಡಿಯುತ್ತೆ. ನಿನ್ನನ್ನಲ್ಲ. ನಿನ್ನ ಹೊಟ್ಟೇಲಿ ಹುಟ್ಟಿದ್ದನ್ನ ಹಿಡಿಯುತ್ತೆ."

ಚನ್ನರಾಯಪ್ಪ ಅವಳ ಕಡೆ ತಿರುಗಿದ.

"ಅಜ್ಜೀ! ಏನು ಹೇಳ್ತಿದೀಯ? ನಾಳೆ ಇವನು ಕೋರ್ಟಲ್ಲಿ ಆ ಹೆಸರಿಗೆ ಹೌದು ಅನ್ನಬೇಕು!"

"ಅನ್ನೋ ಹಾಗಿಲ್ಲ."

"ಬರೀ ತಲೆ ಆಡಿಸಿದ್ರೆ?"

"ಅದೂ ಓಗೊಟ್ಟ ಹಾಗೇ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಮೊರ ಹೊರಿಸಿಕೊಂಡು ಬಂದೆ. ಕೋರ್ಟಿನ ಮಾತು ಎತ್ತಿದ್ಯಾ?" ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಲವತ್ತು ವರ್ಷ ಕಾದೋಳು ಇನ್ನೊಂದು ದಿನ ಕಾಯ್ತಿರಲಿಲ್ವಾ?"

ಅವನ ಅಜ್ಜಿ ಅರ್ಧ ಕಥೆ ಹೇಳಿದ್ದಳು. ಉಳಿದರ್ಧ ಕೇಳುವ ಮೊದಲೇ ಅವನಿಗೆ ನಿದ್ದೆ ಬಂದಿರಬೇಕು. ಇಷ್ಟು ದಿನ ಬೆನ್ನುಹತ್ತಿದ ಹೆಸರನ್ನು ತಾನೇ ಕೈಹಿಡಿದು ಕರೆತಂದು ಹುಗಿಸಿದ್ದ.

ರಾಮಲಕ್ಷ್ಮಮ್ಮ ಹೊರಗೆ ಓಡಿ ವೆಂಕಟರಾಯಪ್ಪನ ಎರಡೂ ಕಾಲು ಹಿಡಿದಳು. "ಅಣ್ಣಾ, ಒಂದು ಸಲ. ಒಂದೇ ಒಂದು ಸಲ ಹೌದು ಅನ್ನು. ಆಮೇಲೆ ಏನು ಬಂದ್ರೂ ನನಗೆ ಬರಲಿ. ನಿನ್ನ ಮಗಳಿಗೆ ಬರೋದನ್ನ ನಾನು ಬೇಡ್ಕೊಂಡು ತಗೋತೀನಿ."

"ಹಾಗೆಲ್ಲ ತಗೊಳ್ಳೋಕೆ ಬರಲ್ಲಮ್ಮ." ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಬರಬೇಕು ಅಂತಾನೇ ಇದ್ದೆ. ದೇವರಾಣೆ ಬರ್ತಿದ್ದೆ. ನಮ್ಮಮ್ಮ ನಾಲ್ಕನ್ನ ಹೂತಳು. ನನ್ನವು ಮೊದಲಿನ ಎರಡೂ ಹೋದವು. ಉಳಿದಿರೋದು ಇವಳೊಬ್ಬಳು. ನಿನಗೆ ಮಗ ಹೇಗೋ..."

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಊರ ಕಡೆ ನಡೆದ.

ಚನ್ನರಾಯಪ್ಪ ಹಿಂದೆ ಓಡಿದ. ಅವನ ಗಂಟಲಿನಿಂದ ಬಂದ ಕೂಗಿಗೆ ಹುಣಿಸೆಮರದ ಹಕ್ಕಿಗಳು ಎದ್ದವು.

"ಕಾನ್ರಾಡ್!"

ನಡೆಯುತ್ತಿದ್ದ ಬೆನ್ನು ಒಮ್ಮೆ ಬಿಗಿಯಿತು. ಹೆಜ್ಜೆ ನಿಲ್ಲಲಿಲ್ಲ.

"ಕಾನ್ರಾಡ್! ಆ ಹುಡುಗ ನಿನ್ನ ಮಾತು ಕೇಳಿದನೋ!"

ಬೆನ್ನು ಬಣವೆಯ ಆಚೆ ಮರೆಯಾಯಿತು. ಇನ್ನು ಈ ನಾಲ್ಕು ತಾಲ್ಲೂಕಿನಲ್ಲಿ ಸರ್ಕಾರಿ ವಕೀಲರು ಕೋಟು ಬಿಚ್ಚಿಡುವ ಪ್ರಮೇಯವಿರಲಿಲ್ಲ.

ರಾಮಲಕ್ಷ್ಮಮ್ಮ ಧೂಳಿನಲ್ಲೇ ಕೂತಿದ್ದಳು. "ನಾಳೆ ಅವ್ನು ಬಾಗಿಲ ಕಡೆ ನೋಡ್ತಿರ್ತಾನೆ ಸಾರ್," ಎಂದಳು. "ಏನಂತ ಹೇಳಲಿ?"

ಕೋಲಾರದ ಬಸ್ಸು ದೂರದಲ್ಲಿ ಹಾರನ್ ಹೊಡೆಯಿತು. ಒಳಗೆ ಮುನಿಗಂಗಮ್ಮ ಮೊರದ ತೌಡನ್ನು ಚೀಲಕ್ಕೆ ಸುರಿದು ಬಾಯಿ ಕಟ್ಟಿದಳು. ಗೂಟದ ಮೇಲಿದ್ದ ಎರಡು ಸೀರೆ ಮಡಿಸಿ ಗಂಟು ಮಾಡಿದಳು. ಹೊರಗೆ ಬಂದು ಬಾಗಿಲೆಳೆದು ಚಿಲಕ ಹಾಕಿದಳು.

ದೊರೆಗೆ ಕೊಟ್ಟ ಮಾತನ್ನು ಮುನಿಗಂಗಮ್ಮ ಉಳಿಸಿಕೊಂಡಳು.